ಡ್ರಾಯರಿನ ಹಕ್ಕಿ, ಗೂಡಿನ ಹಕ್ಕಿ

1883ರ ಸೆಪ್ಟೆಂಬರ್ 15ರಂದು ಮುಂಬಯಿಯಲ್ಲಿ ಎಂಟು ಜನ ಕೂಡಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಕಟ್ಟಿದರು. ಅವರಲ್ಲಿ ಭಾರತೀಯರು ಇಬ್ಬರೇ: ಡಾ. ಆತ್ಮಾರಾಮ್ ಪಾಂಡುರಂಗ ಮತ್ತು ಡಾ. ಸಖಾರಾಮ್ ಅರ್ಜುನ್. ಮೊದಲು ಬೈಕುಲ್ಲಾದ ಮ್ಯೂಸಿಯಮ್ಮಿನಲ್ಲಿ ಸೇರುತ್ತಿದ್ದವರು ಮರುವರ್ಷವೇ ಕೋಟೆ ಪ್ರದೇಶದಲ್ಲಿ ಹರ್ಬರ್ಟ್ ಫಿಪ್ಸನ್ ಎಂಬ ಮದ್ಯದ ವ್ಯಾಪಾರಿಯ ಅಂಗಡಿಯ ಜಾಗಕ್ಕೆ ಬಂದರು. (ವಿಜ್ಞಾನಕ್ಕೆ ಇದಕ್ಕಿಂತ ಕೆಟ್ಟ ನೆರೆಯೂ ಸಿಕ್ಕಿದ್ದುಂಟು.) ಆಗಿನ ಕೆಲಸವೆಂದರೆ ಹೆಚ್ಚಾಗಿ ಗುಂಡು ಹೊಡೆಯುವುದು, ಚರ್ಮ ಸುಲಿಯುವುದು, ಅಳೆದು ಚೀಟಿ ಕಟ್ಟಿ ಡ್ರಾಯರಿನಲ್ಲಿ ಇಡುವುದು. 1911ರಲ್ಲಿ ಕೈಗೆತ್ತಿಕೊಂಡ ಸಸ್ತನಿ ಸಮೀಕ್ಷೆ ಧಾರವಾಡ, ಕೊಡಗುಗಳನ್ನೂ ಜಾಲಾಡಿತು. ಈ ಕೆಲಸವನ್ನು ಹಗುರವಾಗಿ ನೋಡಬೇಕಿಲ್ಲ. ಯಾವ ಪ್ರಾಣಿ ಎಲ್ಲಿದೆಯೆಂದು ತಿಳಿಯದೆ ಮುಂದಿನ ಪ್ರಶ್ನೆ ಹುಟ್ಟುವುದಿಲ್ಲ. ಆದರೆ ಅದು ಹೇಗೆ ಬದುಕುತ್ತದೆ ಎಂಬ ಆ ಮುಂದಿನ ಪ್ರಶ್ನೆಗೆ ಡ್ರಾಯರಿನಲ್ಲಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ಬಂದರಿನಾಚೆಯ ಕಿಹೀಮ್‌ನಲ್ಲಿ. ಬರ್ಲಿನ್ನಿನಲ್ಲಿ ಎರ್ವಿನ್ ಸ್ಟ್ರೆಸೆಮಾನ್ ಬಳಿ ಪಕ್ಷಿವಿಜ್ಞಾನ ಕಲಿತು 1930ರಲ್ಲಿ ಮರಳಿದ ಸಾಲಿಂ ಅಲಿಗೆ ನೌಕರಿ ಇರಲಿಲ್ಲ; ಗೀಜಗದ ಗೂಡುಗಳ ಎದುರು ಕೂರಲು ಬೇಕಾದಷ್ಟು ಬಿಡುವಿತ್ತು. ಗಂಡು ಅರ್ಧ ಗೂಡು ಹೆಣೆದು ಕಾಯುತ್ತದೆ, ಹೆಣ್ಣು ಬಂದು ಪರೀಕ್ಷಿಸುತ್ತದೆ, ಒಪ್ಪಿದರಷ್ಟೇ ಜೋಡಿ. ಹೆಣ್ಣು ಕಾವಿಗೆ ಕೂತ ಮೇಲೆ ಗಂಡಿಗೆ ಮತ್ತೊಂದು ಗೂಡು, ಮತ್ತೊಂದು ಹೆಣ್ಣು. ಸೊಸೈಟಿಯ ಜರ್ನಲ್ ಇದನ್ನು 1931ರಲ್ಲಿ ಪ್ರಕಟಿಸಿತು. ಒಂದು ಊರು, ಒಂದು ಹಂಗಾಮು, ಇದು ಕಥೆಯಾಯಿತೇ ಹೊರತು ವಿಜ್ಞಾನವಲ್ಲ ಎನ್ನುವವರಿದ್ದಾರೆ. ಆದರೆ ಎಣಿಸುವ ಮೊದಲು ಏನನ್ನು ಎಣಿಸಬೇಕೆಂದು ಗೊತ್ತಿರಬೇಕಲ್ಲ! ಲೆಕ್ಕ ಹಾಕಲಷ್ಟೇ ಹೋದವನು ಆ ಅರ್ಧ ಗೂಡುಗಳನ್ನು ಹಾಳುಬಿದ್ದವು ಎಂಬ ಪಟ್ಟಿಗೆ ಸೇರಿಸುತ್ತಿದ್ದ. ಅವು ಹೆಣ್ಣಿನ ತೀರ್ಪಿಗೆ ಕಾದಿದ್ದವೆಂದು ತಿಳಿದದ್ದು ಒಂದೇ ಮರವನ್ನು ದಿನದಿನವೂ ನೋಡಿದ್ದರಿಂದ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ, ಪಳಗಿದ ಕಣ್ಣೂ ಮೋಸ ಹೋಗುತ್ತದೆ ಎಂಬುದು. ನಿಜ, ಸಾಲಿಂ ಅಲಿಯವರ ಕಣ್ಣೇ ಭರತ್‌ಪುರದಲ್ಲಿ ಮೋಸ ಹೋಯಿತು. ಎಮ್ಮೆಗಳ ಮೇಯಿಸುವಿಕೆ ಅಲ್ಲಿನ ಪಕ್ಷಿಧಾಮದ ಹಕ್ಕಿಗಳಿಗೆ ಕೇಡೆಂದು ಅವರು ನಂಬಿದ್ದರು. 1982ರಲ್ಲಿ ನಿಷೇಧವೂ ಬಂತು, ಪ್ರತಿಭಟಿಸಿದ ಹಳ್ಳಿಗರ ಮೇಲೆ ಗೋಲಿಬಾರೂ ಆಯಿತು. ಎಮ್ಮೆ ಹೋದ ಮೇಲೆ ಹುಲ್ಲು ಬೆಳೆದು ನೀರನ್ನು ಮುಚ್ಚಿತು, ನೀರುಹಕ್ಕಿಗಳ ಜಾಗ ಕುಗ್ಗಿತು. ಇದನ್ನು ಹೊರಗೆಡವಿದ್ದು ಸೊಸೈಟಿಯದೇ ದೀರ್ಘ ಅಧ್ಯಯನ, ಅದೂ ಎಣಿಸಿ, ಅಳೆದು. ಹಾಗೆಂದು ಜೀವಿಯನ್ನು ಅದರ ಬದುಕಿನೊಳಗೇ ಇಟ್ಟು ನೋಡುವ ಸಮಗ್ರ ನೋಟ ಸೋತಿತೆನ್ನಲು ನಾನು ಒಪ್ಪುವುದಿಲ್ಲ. ಅಲ್ಲಿ ಸೋತದ್ದು ಹಕ್ಕಿಯೊಂದನ್ನೇ ನೋಡಿ ಎಮ್ಮೆಯನ್ನು ಹೊರಗಿನದೆಂದುಕೊಂಡ ಅರೆನೋಟ. ಕೊನೆಗೆ ಹುಲ್ಲು ಕೊಯ್ಯಲು ಅದೇ ಹಳ್ಳಿಗಳ ಜನರನ್ನು ಒಳಗೆ ಬಿಡಬೇಕಾಯಿತು.