ಹೊಸತೊಡಕಿನ ಮೂರೆಲೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಯುಗಾದಿ ಎರಡು ದಿನದ ಹಬ್ಬ. ಮೊದಲ ದಿನ ಎಣ್ಣೆಸ್ನಾನ, ಬೇವುಬೆಲ್ಲ, ಒಬ್ಬಟ್ಟು. ಮಾರನೆಯ ದಿನ ಹೊಸತೊಡಕು. ಅವತ್ತು ಬೆಳಗಿನ ಜಾವಕ್ಕೇ ಗುಡ್ಡೆಬಾಡು, ಅಂದರೆ ಗುಡ್ಡೆ ಹಾಕಿದ ಮಾಂಸ, ಪಾಲಾಗುತ್ತದೆ. ಒಲೆಯ ಮೇಲೆ ಸಾರು ಕುದಿ ಬರುವಷ್ಟರಲ್ಲಿ ಅರಳಿಕಟ್ಟೆ, ಮಾವಿನ ತೋಪುಗಳಲ್ಲಿ ಕಂಬಳಿ ಹಾಸಿ ಇಸ್ಪೀಟಿನ ಕಟ್ಟು ಬಿಚ್ಚುತ್ತಾರೆ. ಹೊಸತೊಡಕಿನಂದು ಕೈಗೆ ಬಂದದ್ದು ವರ್ಷವಿಡೀ ಬರುತ್ತದೆಂಬ ನಂಬಿಕೆ. ಹಾಗಾಗಿ ವರ್ಷವೆಲ್ಲ ಎಲೆ ಮುಟ್ಟದವರೂ ಅವತ್ತು ಒಂದು ಕೈ ಆಡಿ ಏಳುತ್ತಾರೆ.

ನಾನು ಚನ್ನಪಟ್ಟಣ ತಾಲ್ಲೂಕಿನಲ್ಲಿ ರೇಷ್ಮೆ ಸಾಕುವ ಮನೆಯಲ್ಲಿ ಬೆಳೆದವಳು. ಹಿತ್ತಿಲಲ್ಲಿ ನಾವು ಹೆಂಗಸರು ಚೌಕಾಬಾರ ಆಡಿದರೆ, ಹೊರಗೆ ಗಂಡಸರದು ಅಂದರ್ ಬಾಹರ್ ಮತ್ತು ಮೂರೆಲೆ. ಅಂದರ್ ಬಾಹರ್‌ನಲ್ಲಿ ಎಲೆ ಬೀಳುವುದನ್ನು ನೋಡುತ್ತ ಕೂರುವುದಷ್ಟೇ ಕೆಲಸ. ಮೂರೆಲೆಯಲ್ಲಿ ಎದುರಿನವನ ಮುಖ ಓದಬೇಕು, ನಮ್ಮ ಮುಖ ಮುಚ್ಚಿಡಬೇಕು. ತೀನ್ ಪತ್ತಿ ಎಂದು ದೇಶವೆಲ್ಲ ಕರೆಯುವ ಆಟ ಇದೇ.

ಇದರ ಮೂಲ ಇಂಗ್ಲೆಂಡಿನ ‘ಬ್ರ್ಯಾಗ್’. ಆಟಗಳ ನಿಯಮ ಬರೆದು ಹೆಸರಾದ ಎಡ್ಮಂಡ್ ಹಾಯ್ಲ್ 1751ರಲ್ಲೇ ಬ್ರ್ಯಾಗ್ ಬಗ್ಗೆ ಪುಸ್ತಕ ತಂದಿದ್ದ. ಅಮೆರಿಕದ ಪೋಕರ್‌ಗೂ ಇದಕ್ಕೂ ಹತ್ತಿರದ ನಂಟು. ಮೂರೆಲೆಯಲ್ಲಿ ಬ್ರ್ಯಾಗ್‌ನ ಗುರುತು ಎದ್ದು ಕಾಣುವುದು ‘ಬ್ಲೈಂಡ್’ ನಿಯಮದಲ್ಲಿ. ಎಲೆ ನೋಡದೆ ಆಡುವವನು ಕಟ್ಟುವುದು, ನೋಡಿ ಆಡುವವನು ಕಟ್ಟುವುದರ ಅರ್ಧ. ಈ ಲೆಕ್ಕ ಎರಡರಲ್ಲೂ ಒಂದೇ. 52 ಎಲೆಗಳಲ್ಲಿ ಮೂರು ಹಿಡಿಯುವ ಬಗೆ 22,100. ಅವುಗಳಲ್ಲಿ ಮೂರೂ ಒಂದೇ ಆಗುವ ಟ್ರಯಲ್ 52 ಸಲ, ಒಂದೇ ಜಾತಿಯ ಎಲೆಗಳ ಸಾಲು ಕೂಡುವುದು 48 ಸಲ. ಸಾಲು ಹೆಚ್ಚು ಅಪರೂಪ. ಆದರೂ ಟ್ರಯಲ್ಲೇ ದೊಡ್ಡದು. ಗಣಿತ ಒಪ್ಪದ ಈ ಪಟ್ಟವನ್ನು ನಮ್ಮ ಕಟ್ಟೆಗಳು ಪ್ರಶ್ನಿಸದೆ ಒಪ್ಪಿಕೊಂಡಿವೆ.

ಆ ಆಟ ಇಲ್ಲಿಗೆ ಇಂಗ್ಲಿಷರ ಜೊತೆ ಬಂದಿರಬೇಕು; ಅವರ ದಂಡಿನ ದಾರಿ ನಮ್ಮ ಸೀಮೆಯ ನಡುವೆಯೇ ಹಾದಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿಗೆ ರೆಸಿಡೆಂಟನಾಗಿ ಬಂದವನು ಬ್ಯಾರಿ ಕ್ಲೋಸ್. ರಾಮನಗರಕ್ಕೆ ಕ್ಲೋಸ್‌ಪೇಟೆ ಎಂಬ ಹೆಸರು ಅವನಿಂದ. 1809ರಲ್ಲಿ ದಂಡು ಬೆಂಗಳೂರಿಗೆ ಬಂದು ನೆಲೆಯಾಯಿತು. ಆಗ ಮೈಸೂರು ಅರಮನೆಯಲ್ಲಿ ಬೇರೆಯದೇ ಎಲೆಗಳಿದ್ದವು. ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ ಗ್ರಂಥದ ಕೌತುಕನಿಧಿ ಭಾಗದಲ್ಲಿ ಗಂಜೀಫಾ ಎಂಬ ಎಲೆಗಳ ಹದಿಮೂರು ಆಟಗಳನ್ನು ದಾಖಲಿಸಿದ್ದಾರೆ, ದೊಡ್ಡ ಆಟಕ್ಕೆ 360 ಎಲೆ, ಎಲೆಗಳ ಮೇಲೆ ದೇವತೆಗಳ ಚಿತ್ರ. ಕೈಯಲ್ಲಿ ಬರೆದ ಆ ಎಲೆಗಳು ರೈತನ ಕೈಗೆ ಎಟುಕುವಂಥವಲ್ಲ. ಅಚ್ಚಿನ ಇಸ್ಪೀಟು ಅಗ್ಗ, ಜೇಬಿಗೆ ಹಿಡಿಯುತ್ತದೆ. ಮೂರೆಲೆಯನ್ನು ಅರ್ಧ ಗಂಟೆಯಲ್ಲಿ ಕಲಿಯಬಹುದು. ಗಂಜೀಫಾ ಹಿಂದೆ ಸರಿದು ಇದು ಊರೂರಿಗೆ ಹರಡಿದ್ದು ಹೀಗೆ.

ನಮ್ಮಲ್ಲಿ ಅದು ಬೇರೂರಲು ರೇಷ್ಮೆಯೂ ಕಾರಣವೆಂದು ನನ್ನ ಅನಿಸಿಕೆ. ರಾಗಿಯ ದುಡ್ಡು ವರ್ಷಕ್ಕೊಮ್ಮೆ. ರೇಷ್ಮೆಹುಳು ಹೆಚ್ಚುಕಡಿಮೆ ಒಂದು ತಿಂಗಳಲ್ಲಿ ಗೂಡು ಕಟ್ಟುತ್ತದೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಹರಾಜಾದರೆ ಹಿಂದೆಲ್ಲ ಕೈಗೆ ನಗದು ಬರುತ್ತಿತ್ತು. ಆ ನಗದು ಮನೆಗೆ ಬರುವ ದಾರಿಯಲ್ಲೇ ಕರಗಿದ ಕಥೆಗಳನ್ನು ಕೇಳುತ್ತ ಬೆಳೆದೆ. ಗೂಡು ಮಾರುವ ದಿನ ಅವ್ವ ಬಸ್ಸಿನ ಸದ್ದಿಗೆ ಕಿವಿ ಕೊಟ್ಟು ಕೂರುತ್ತಿದ್ದಳು. ಅದೇ ಅವ್ವ ಹೊಸತೊಡಕಿನಂದು ಅಪ್ಪನ ಕೈಗೆ ತಾನೇ ಚಿಲ್ಲರೆ ಕೊಡುತ್ತಿದ್ದಳು. ಮರುದಿನ ಇಸ್ಪೀಟಿನ ಕಟ್ಟು ಅಟ್ಟ ಸೇರುತ್ತಿತ್ತು. ಅದನ್ನು ಕೆಳಗಿಳಿಸುವ ಹಕ್ಕು ಮುಂದಿನ ಯುಗಾದಿಗೇ.

ಕಾನೂನು ಹಿಡಿದ ಅಳತೆಗೋಲು ಬೇರೆ. ಆಂಧ್ರಪ್ರದೇಶದ ಪ್ರಕರಣವೊಂದರಲ್ಲಿ 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಕೌಶಲದ ಆಟವೆಂದು ಒಪ್ಪಿ, ಮೂರೆಲೆಯ ಆಟವನ್ನು ಬರಿಯ ಅದೃಷ್ಟದ ಸಾಲಿಗೆ ಸೇರಿಸಿತು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಪೋಕರ್ ಕ್ಲಬ್ಬುಗಳ ಪರವಾಗಿ ಆದೇಶ ಕೊಟ್ಟಿತು. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನ್ ಪಣದಾಟ ನಿಷೇಧಿಸಿದರೆ, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಕಲಂಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಕೌಶಲ–ಅದೃಷ್ಟದ ಭೇದವನ್ನೇ ಬಿಟ್ಟು, ಹಣವಿಟ್ಟು ಆಡುವ ಎಲ್ಲ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ತಂದಿತು.

ಅವ್ವ ಕೇಳುತ್ತಿದ್ದ ಪ್ರಶ್ನೆ ಆಟ ಯಾವುದೆಂದಲ್ಲ, ಯಾವತ್ತು ನಿಲ್ಲಿಸುತ್ತೀರಿ ಎಂದು. ಮೊಬೈಲಿಗೆ ಬಂದ ಮೂರೆಲೆಯಲ್ಲಿ ಕತ್ತಲಾಯಿತೆಂದು ಕಂಬಳಿ ಮಡಚುವವರಿಲ್ಲ, ಅಟ್ಟವಿಲ್ಲ, ಎದುರಿನವನ ಮುಖವೂ ಇಲ್ಲ. ಪದ್ಧತಿಯಿಂದ ದಿನವನ್ನು ಕಿತ್ತುಹಾಕಿದರೆ ಉಳಿಯುವುದು ಬರಿಯ ಜೂಜು.

ಹೊಸತೊಡಕಿನಂದೂ ಪಣದ ಕಣಗಳ ಮೇಲೆ ಪೊಲೀಸರು ದಾಳಿ ಮಾಡುತ್ತಾರೆ. ಕಾಯ್ದೆಗೆ ಹಬ್ಬದ ರಿಯಾಯಿತಿ ಇಲ್ಲ, ಇರಬೇಕಾಗಿಯೂ ಇಲ್ಲ. ನಮ್ಮ ಮನೆಯಲ್ಲಿ ಈಗ ಪಣಕ್ಕೆ ಹುಣಸೆಬೀಜ. ತಲೆಗೊಂದು ಬೊಗಸೆ ಎಣಿಸಿ ಕೊಡುತ್ತೇವೆ, ಹೆಂಗಸರೂ ಮಕ್ಕಳೂ ಕಂಬಳಿಯ ಮೇಲೆ ಕೂರುತ್ತಾರೆ. ಬೀಜ ಮುಗಿದವರು ಏಳಬೇಕು. ಸಾಲ ಕೇಳುವಂತಿಲ್ಲ, ಕೊಡುವಂತಿಲ್ಲ. ಬ್ಲೈಂಡ್ ಹೇಗೆ ಆಡಬೇಕೆಂದು ಕಲಿಸುವ ಹಿರಿಯರೇ ಈ ಎರಡು ಮಾತನ್ನೂ ಮಕ್ಕಳಿಗೆ ಕಲಿಸಬೇಕು.