ರಿಸರ್ವ್ (ಬೈಕ್)
ಕಾರ್ಬುರೇಟರ್ ಬೈಕುಗಳ ಟ್ಯಾಂಕಿನ ತಳದಲ್ಲಿ ಉಳಿಯುವ ಮೀಸಲು ಪೆಟ್ರೋಲ್. ಸಾಮಾನ್ಯವಾಗಿ ಒಂದೆರಡು ಲೀಟರು. ಟ್ಯಾಂಕಿನಡಿಯ ಪೆಟ್ರೋಲ್ ಕಾಕ್‌ಗೆ ಎರಡು ದಾರಿ: ಒಳಗೆ ಎತ್ತರಕ್ಕೆ ನಿಂತ ಕೊಳವೆ, ತಳದಲ್ಲೊಂದು ರಂಧ್ರ. ಪೆಟ್ರೋಲ್ ಕೊಳವೆಯ ಬಾಯಿಗಿಂತ ಇಳಿದೊಡನೆ ಎಂಜಿನ್ ಮುಗ್ಗರಿಸುತ್ತದೆ. ಗಾಡಿ ಓಡುತ್ತಿರುವಾಗಲೇ ಸವಾರ ತಡಕಿ ಕಾಕನ್ನು ತಳದ ರಂಧ್ರದ ಕಡೆಗೆ ತಿರುಗಿಸುತ್ತಾನೆ. ಪೆಟ್ರೋಲ್ ಮೀಟರಿಲ್ಲದ ಹಳೆಯ ಗಾಡಿಗಳಲ್ಲಿ ಈ ಮುಗ್ಗರಿಕೆಯೇ ನಂಬಿಕಸ್ತ ಸೂಚನೆ. ಉಳಿದಂತೆ ಗಾಡಿ ಅಲ್ಲಾಡಿಸಿ ಕುಲುಕುವ ಸದ್ದು ಕೇಳುವುದು ರೂಢಿ. ಪೆಟ್ರೋಲ್ ಹಾಕಿಸಿದ ಮೇಲೆ ಕಾಕ್ ಹಿಂದಕ್ಕೆ ತಿರುಗಿಸಲು ಮರೆತರೆ ಮುಂದಿನ ಸಲ ಮುನ್ಸೂಚನೆಯೇ ಇಲ್ಲ, ಬಂಕಿನವರೆಗೆ ತಳ್ಳಬೇಕು. ಮೀಟರಿನ ಮುಳ್ಳನ್ನು ಆಡಿಸುವುದು ಟ್ಯಾಂಕಿನೊಳಗಿನ ತೇಲುಬುರುಡೆ; ಸೈಡ್ ಸ್ಟ್ಯಾಂಡಿನಲ್ಲಿ ವಾಲಿದ ಗಾಡಿಯಲ್ಲಿ ಅದನ್ನು ನಂಬುವಂತಿಲ್ಲ. ಭಾರತದಲ್ಲಿ 2020ರ ಬಿಎಸ್-6 ನಿಯಮದೊಂದಿಗೆ ಫ್ಯೂಯಲ್ ಇಂಜೆಕ್ಷನ್ ವ್ಯಾಪಕವಾಗಿ, ಹೊಸ ಬೈಕುಗಳಲ್ಲಿ ಕಾಕ್ ಬಹುತೇಕ ಮರೆಯಾಯಿತು.