ಹಿಂದಿನ ಮನೆ ಖಾಲಿ ಇದೆಯೇ?: ಹುಲಿ-ಕುರಿ ಆಟ ಮತ್ತು ಮಿಡ್‌ವೇ ಯುದ್ಧಕ್ರೀಡೆಯ ವಾಯುದಾಳಿ

ಸಾಹಿತ್ಯದ ವಿದ್ಯಾರ್ಥಿ ಆಟದ ವಿಷಯ ಯಾಕೆ ಎತ್ಕೊಂಡ ಅಂತ ಕೆಲವರಿಗೆ ಅನ್ನಿಸಬಹುದು. ಗದುಗಿನ ಭಾರತದ ಸಭಾಪರ್ವ ಓದಿದವರಿಗೆ ದಾಳದ ಮೇಲೆ ರಾಜ್ಯವೇ ಹೋಗೋದು ಹೊಸದಲ್ಲ. ನನ್ನ ಪ್ರಶ್ನೆ ಇಷ್ಟೆ: ಮೇಜಿನ ಮೇಲಿನ ಯುದ್ಧದಲ್ಲಿ ಒಂದು ವಾಯುದಾಳಿ ನಿರೀಕ್ಷೆ ಮೀರಿ ಫಲ ಕೊಟ್ಟರೆ, ಅದನ್ನು ನಂಬಬೇಕೋ, ತಳ್ಳಿಹಾಕಬೇಕೋ?

ಮೊದಲು ನಮಗೆ ಹತ್ತಿರದ ಆಟ. ಕೊಯಮತ್ತೂರಿನಿಂದ ವಾಯುನೆಲೆ ಇರುವ ಸೂಲೂರು, ಆಮೇಲೆ ಪಲ್ಲಡಂ ದಾಟಿ ಕಾಂಗೇಯಂ ತಲುಪುವ ಸೀಮೆಯಲ್ಲಿ, ತಮಿಳುನಾಡಿನ ಉಳಿದ ಕಡೆಯ ಹಾಗೆಯೇ, ಆಡು ಪುಲಿ ಆಟ್ಟಂ ಹಳೆಯ ಆಟ. ಕನ್ನಡದಲ್ಲಿ ನಾವು ಹುಲಿ-ಕುರಿ, ಆಡು-ಹುಲಿ ಅಂತೀವಿ. ಸಾಮಾನ್ಯ ರೂಪದಲ್ಲಿ 23 ಮನೆ, 3 ಹುಲಿ, 15 ಆಡು. ಇದರಲ್ಲಿ ದಾಳವಿಲ್ಲ. ಹುಲಿ ಪಕ್ಕದ ಆಡಿನ ಮೇಲಿಂದ ನೇರ ಗೆರೆಯಲ್ಲಿ ಹಾರಿ ಆಚೆ ಮನೆಗೆ ಇಳಿದರೆ ಆಡು ಸತ್ತಂತೆ. ಆದರೆ ಆಚೆ ಮನೆ ಖಾಲಿ ಇರಬೇಕು. ಆಡಿನ ಬೆನ್ನಿಗೆ ಇನ್ನೊಂದು ಆಡು ನಿಂತಿದ್ದರೆ ಹುಲಿ ಏನೂ ಮಾಡಲಾಗದು. ಹಾಗಾಗಿ ಹಾರಿ ಬರುವ ಹೊಡೆತ ಫಲಿಸೋದು ಹುಲಿಯ ಬಲದಿಂದ ಮಾತ್ರವಲ್ಲ, ಎದುರಾಳಿ ಬಿಟ್ಟ ಖಾಲಿ ಮನೆಯಿಂದ.

ಸೈನ್ಯದ ಮೇಜಿಗೆ ದಾಳ ಬಂದದ್ದು ಬೇರೆ ದಾರಿಯಲ್ಲಿ. 1824ರಲ್ಲಿ ಪ್ರಷ್ಯಾದ ಅಧಿಕಾರಿ ರೈಸ್‌ವಿಟ್ಸ್ ರೂಪಿಸಿದ ಕ್ರೀಗ್‌ಸ್ಪೀಲ್‌ನಲ್ಲಿ ನಕ್ಷೆ, ದಾಳ, ತೀರ್ಪುಗಾರ ಮೂರೂ ಇದ್ದವು. ಯುದ್ಧದಲ್ಲಿ ಅದೃಷ್ಟಕ್ಕೂ ಪಾಲಿದೆ ಅಂತ ದಾಳ ನೆನಪಿಸುತ್ತಿತ್ತು. ಮುಂದೆ ಬೇರೆ ದೇಶಗಳ ಸೇನೆಗಳೂ ಈ ಪದ್ಧತಿಯನ್ನು ತಮ್ಮದಾಗಿಸಿಕೊಂಡವು.

ಈಗ 1942ರ ಮೇ ತಿಂಗಳಿಗೆ ಬರೋಣ. ಜಪಾನಿನ ಯಮಾಟೊ ಯುದ್ಧನೌಕೆಯಲ್ಲಿ ಮಿಡ್‌ವೇ ದ್ವೀಪದ ದಾಳಿಯನ್ನು ಮೇಜಿನ ಮೇಲೆ ಆಡಿ ನೋಡಿದರು. ಫುಚಿದಾ ಮತ್ತು ಒಕುಮಿಯಾ ತಮ್ಮ ಪುಸ್ತಕದಲ್ಲಿ ಹೇಳುವ ಪ್ರಕಾರ, ದ್ವೀಪದಿಂದ ಹಾರಿದ ಅಮೆರಿಕದ ವಿಮಾನಗಳ ದಾಳಿಗೆ ಒಕುಮಿಯಾ ದಾಳ ಎಸೆದಾಗ 9 ಬಾಂಬು ತಗುಲಿದ ಲೆಕ್ಕ ಬಂತು. ಅಕಾಗಿ, ಕಾಗಾ ಎರಡೂ ವಿಮಾನವಾಹಕಗಳು ಮುಳುಗಿದಂತಾಯಿತು. ಕ್ರೀಡೆ ನಡೆಸುತ್ತಿದ್ದ ಉಗಾಕಿ 9 ಅನ್ನು 3ಕ್ಕೆ ಇಳಿಸಿದರು. ಅಕಾಗಿ ಉಳಿಯಿತು. ಮುಳುಗಿದ ಕಾಗಾ ಕೂಡ ಮುಂದಿನ ಕಾರ್ಯಾಚರಣೆಯ ಆಟಕ್ಕೆ ಮತ್ತೆ ಎದ್ದು ಬಂತು! ಶಕುನಿ ದಾಳವನ್ನೇ ಪಳಗಿಸಿದ್ದ. ಇಲ್ಲಿ ಬಿದ್ದ ದಾಳವನ್ನು ಆಮೇಲೆ ತಿದ್ದಿದರು.

ಜೂನ್ 4ರಂದು ಅಕಾಗಿ, ಕಾಗಾ, ಸೊರ್ಯು, ಹಿರ್ಯು ನಾಲ್ಕಕ್ಕೂ ಬಾಂಬು ಬಿದ್ದು, ನಾಲ್ಕೂ ನಾಶವಾದವು. ಹಾಗಾಗಿ ದಾಳ ನಿಜ ಹೇಳಿತ್ತು, ಉಗಾಕಿ ಕಣ್ಣು ಮುಚ್ಚಿಕೊಂಡರು ಅಂತ ಈ ಕಥೆಯನ್ನು ಮುಗಿಸೋದು ರೂಢಿ. ನನಗೆ ತಕರಾರು ಇರೋದು ಇಲ್ಲೇ. ಆ ದಿನ ಬೆಳಿಗ್ಗೆ ಮಿಡ್‌ವೇ ದ್ವೀಪದಿಂದ ಬಂದ ವಿಮಾನಗಳ ಒಂದು ಬಾಂಬೂ ಆ ಹಡಗುಗಳಿಗೆ ತಗುಲಲಿಲ್ಲ. ಅಂದರೆ ದ್ವೀಪದ ದಾಳಿಗೆ 9 ಹೆಚ್ಚಾಯಿತು ಅಂದ ಉಗಾಕಿಯ ಅಂದಾಜು ಆ ಮಟ್ಟಿಗೆ ಸರಿಯೇ. ಹಡಗುಗಳನ್ನು ಮುಳುಗಿಸಿದ್ದು ಎಂಟರ್‌ಪ್ರೈಸ್, ಯಾರ್ಕ್‌ಟೌನ್ ವಿಮಾನವಾಹಕಗಳಿಂದ ಬಂದ ಡೈವ್ ಬಾಂಬರುಗಳು. ಮೂರು ಹಡಗುಗಳಿಗೆ ಕೆಲವೇ ನಿಮಿಷಗಳಲ್ಲಿ ಬೆಂಕಿ ಬಿತ್ತು. ಜಪಾನಿ ಕಾವಲು ವಿಮಾನಗಳ ಗಮನ ಆಗ ಕೆಳಗೆ ಹಾರುತ್ತಿದ್ದ ಟಾರ್ಪೆಡೊ ವಿಮಾನಗಳ ಮೇಲಿತ್ತು. ಮೇಲಿನ ಮನೆ ಖಾಲಿ ಇತ್ತು.

ಅದೇ ಮೇ ತಿಂಗಳ ಆಟದಲ್ಲಿ, ಶತ್ರುವಿನ ವಿಮಾನವಾಹಕಗಳು ಪಕ್ಕದಿಂದ ಎರಗಿದರೆ ಏನು ಮಾಡ್ತೀರಿ ಅನ್ನೋ ಪ್ರಶ್ನೆಯೂ ಬಂದಿತ್ತು. ನಗುಮೋ ಪಡೆಯ ಅಧಿಕಾರಿ ಕೊಟ್ಟ ಉತ್ತರ ಅಸ್ಪಷ್ಟವಾಗಿತ್ತು ಅಂತ ಅದೇ ಪುಸ್ತಕ ದಾಖಲಿಸುತ್ತದೆ. ನನ್ನ ಪ್ರಕಾರ ನಿಜವಾದ ತಪ್ಪು ಅದು. 9ನ್ನು 3 ಮಾಡಿದ್ದಕ್ಕಿಂತ, ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟದ್ದು ದುಬಾರಿಯಾಯಿತು. ಅಂಕಿ ಎಷ್ಟೇ ಅಸಂಭವ ಅನ್ನಿಸಲಿ, ನಮ್ಮ ಯಾವ ಮನೆ ಖಾಲಿ ಇದ್ದದ್ದರಿಂದ ಅದು ಸಾಧ್ಯವಾಯಿತು ಅಂತ ನಿಂತು ಕೇಳಬೇಕಿತ್ತು.

ಆದ್ದರಿಂದ ಮೊದಲ ಪ್ರಶ್ನೆಗೆ ನನ್ನ ಉತ್ತರ: ಅನಿರೀಕ್ಷಿತ ವಾಯುದಾಳಿಯನ್ನು ಭವಿಷ್ಯವಾಣಿ ಅಂತ ನಂಬೋದೂ ಬೇಡ, ಆಟದ ದೋಷ ಅಂತ ತಳ್ಳೋದೂ ಬೇಡ. ಕಲ್ಲಿನ ಮೇಲೆ ಗೆರೆ ಎಳೆದು ಆಡುವ ಮಕ್ಕಳು ಆಡು ಕಳಕೊಂಡಾಗ ಮೊದಲು ನೋಡೋದು ಅದರ ಹಿಂದಿನ ಮನೆಯನ್ನೇ. ಇದನ್ನು ಒಪ್ಪದವರು ಚರ್ಚೆಯಲ್ಲಿ ದಯವಿಟ್ಟು ಹೇಳಿ.